ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ: ಅಪಾಯವಿರುವ ರೋಗಿಯನ್ನು ಆಪರೇಷನ್‌ಗೆ ತಯಾರು ಮಾಡುವುದು ಹೇಗೆ?

ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ (ಇನ್ನು ಮುಂದೆ ಎಂಎಚ್ ಅನ್ನೋಣ) ಎಂಬ, ಕೆಲವು ಅರಿವಳಿಕೆ ಔಷಧಗಳಿಂದ ಬರುವ ತೊಂದರೆಯನ್ನು ಎಷ್ಟೋ ಅರಿವಳಿಕೆ ವೈದ್ಯರು ತಮ್ಮ ಇಡೀ ಸರ್ವಿಸ್‌ನಲ್ಲಿ ಒಮ್ಮೆಯೂ ಕಣ್ಣಾರೆ ಕಂಡಿರುವುದಿಲ್ಲ. ಪರೀಕ್ಷೆಗೆ ಓದಿರುತ್ತಾರೆ, ವೈವಾದಲ್ಲಿ ಉತ್ತರ ಹೇಳಿರುತ್ತಾರೆ, ಅಷ್ಟೇ. ಆದರೆ ಬಂದರೆ ನಿಮಿಷಗಳಲ್ಲಿ ಬಿಗಡಾಯಿಸಿಬಿಡುತ್ತದೆ. ಇದಕ್ಕಿರುವ ಒಂದೇ ಮದ್ದು ಡ್ಯಾಂಟ್ರೋಲಿನ್, ಅದು ನಮ್ಮ ಕಡೆಯ ಬಹಳಷ್ಟು ಆಸ್ಪತ್ರೆಗಳ ಸ್ಟಾಕಿನಲ್ಲಿ ಇರುವುದಿಲ್ಲ. ಹೀಗಾಗಿ ಇಲ್ಲಿ ತಡೆಯುವುದೇ ಮುಕ್ಕಾಲು ಪಾಲು ಚಿಕಿತ್ಸೆ. ತಡೆಯುವುದಕ್ಕೆ ಬೇಕಾದದ್ದಾದರೋ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವಂಥದ್ದು: ಸರಿಯಾಗಿ ಕೇಳಿದ ನಾಲ್ಕು ಪ್ರಶ್ನೆ, ಚೊಕ್ಕ ಮಾಡಿದ ಮಷಿನ್, ಮತ್ತು ಟ್ರಾಲಿಯಿಂದ ಆಚೆಗಿಟ್ಟ ಒಂದು ಇಂಜೆಕ್ಷನ್.

ಈ ಬರಹ ಇಬ್ಬರಿಗಾಗಿ. ಕುಟುಂಬದಲ್ಲಿ ಇಂಥ ಘಟನೆ ನಡೆದಿದೆ ಎಂಬ ಅನುಮಾನ ಇರುವವರಿಗೆ, ಮತ್ತು ಓಟಿಯಲ್ಲಿ ಕೆಲಸ ಮಾಡುವ ಕಿರಿಯ ವೈದ್ಯರು, ಸ್ಟಾಫ್ ನರ್ಸ್, ಟೆಕ್ನಿಷಿಯನ್‌ಗಳಿಗೆ. ಡೋಸ್ ಹೇಳಿರುವ ಕಡೆ ಅದು ವೈದ್ಯರಿಗಾಗಿ ಎಂದು ಬೇರೆ ಹೇಳಬೇಕಿಲ್ಲ.

ಮೊದಲು, ಒಳಗೆ ನಡೆಯುವುದೇನು

ಸ್ನಾಯು ಬಿಗಿಯಾಗಬೇಕಾದರೆ ಜೀವಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಹೊರಗೆ ಬರಬೇಕು. ಅದನ್ನು ಬಿಡುವ ನಲ್ಲಿಯಂಥ ಪ್ರೋಟೀನಿಗೆ ರಯಾನೊಡಿನ್ ರಿಸೆಪ್ಟರ್ ಎಂದು ಹೆಸರು. ಅದರ ವಿನ್ಯಾಸ ಇರುವುದು 19ನೇ ಕ್ರೋಮೋಸೋಮಿನ ಆರ್‌ವೈಆರ್‌1 ಜೀನ್‌ನಲ್ಲಿ. ಆ ಜೀನ್‌ನಲ್ಲಿ ದೋಷವಿರುವವರಿಗೆ ಕೆಲವು ಅರಿವಳಿಕೆ ಗ್ಯಾಸ್ ಕೊಟ್ಟರೆ ನಲ್ಲಿ ತೆರೆದುಕೊಂಡು ಮುಚ್ಚದೇ ನಿಲ್ಲುತ್ತದೆ. ಇಡೀ ಮೈಯ ಸ್ನಾಯುಗಳು ಬಿಡದೆ ದುಡಿಯತೊಡಗುತ್ತವೆ. ಆಮ್ಲಜನಕ ಖರ್ಚಾಗುತ್ತದೆ, ಇಂಗಾಲದ ಡೈಆಕ್ಸೈಡ್ ರಾಶಿ ಬೀಳುತ್ತದೆ, ರಕ್ತ ಆಮ್ಲೀಯವಾಗುತ್ತದೆ, ಮೈ ಕಾಯುತ್ತದೆ. ಕೊನೆಗೆ ಸ್ನಾಯುಕೋಶಗಳೇ ಒಡೆದು ಪೊಟ್ಯಾಸಿಯಂ ರಕ್ತಕ್ಕೆ ಸೇರುತ್ತದೆ. ಹೃದಯ ನಿಲ್ಲುವುದು ಸಾಮಾನ್ಯವಾಗಿ ಈ ಪೊಟ್ಯಾಸಿಯಂನಿಂದಲೇ.

ಇದು ವೈದ್ಯಲೋಕದ ಗಮನಕ್ಕೆ ಬಂದದ್ದು ಒಬ್ಬ ರೋಗಿಯ ಹಟದಿಂದ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಾಲು ಮುರಿದುಕೊಂಡು ಬಂದ 21 ವರ್ಷದ ವಿದ್ಯಾರ್ಥಿಯೊಬ್ಬ ಕಾಲಿಗಿಂತ ಅರಿವಳಿಕೆಗೇ ಹೆಚ್ಚು ಹೆದರಿದ್ದ. ಅವನ ಬಂಧುಗಳಲ್ಲಿ ಹತ್ತು ಜನ ಅರಿವಳಿಕೆಯಲ್ಲೇ ತೀರಿಕೊಂಡಿದ್ದರು. ಈಥರ್ ಬೇಡವೆಂದು ಆಗ ಹೊಸದಾಗಿದ್ದ ಹ್ಯಾಲೊಥೇನ್ ಕೊಟ್ಟರು. ಅದರಲ್ಲೂ ಮೈ ಬಿಸಿಯೇರಿ ರಕ್ತದೊತ್ತಡ ಕುಸಿಯಿತು. ಗ್ಯಾಸ್ ನಿಲ್ಲಿಸಿ, ಐಸ್ ಇಟ್ಟು ಉಳಿಸಿಕೊಂಡರು. ಮೈಕೇಲ್ ಡೆನ್‌ಬರೋ ಮತ್ತು ಲವೆಲ್ 1960ರಲ್ಲಿ ಲ್ಯಾನ್ಸೆಟ್‌ನಲ್ಲಿ ಇದನ್ನು ಪ್ರಕಟಿಸಿದರು. ಕುಟುಂಬದ ಕಥೆಗೆ ಕಿವಿಗೊಟ್ಟದ್ದರಿಂದ ಪತ್ತೆಯಾದ ರೋಗ ಇದು. ಇವತ್ತಿಗೂ ಪತ್ತೆಯಾಗುವ ದಾರಿ ಹೆಚ್ಚುಕಡಿಮೆ ಅದೇ.

ಹಂತ 1: ಪಿಎಸಿಯಲ್ಲಿ ಕೇಳುವ ಪ್ರಶ್ನೆ

ಆಪರೇಷನ್‌ಗೆ ಮುಂಚಿನ ಅರಿವಳಿಕೆ ತಪಾಸಣೆಯ (ಪಿಎಸಿ) ಫಾರಂನಲ್ಲಿ "ಫ್ಯಾಮಿಲಿ ಹಿಸ್ಟರಿ: ನಿಲ್" ಎಂದು ಬರೆದು ಮುಂದೆ ಹೋಗುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಬಿಪಿ ಇದೆಯಾ, ಶುಗರ್ ಇದೆಯಾ ಎಂದು ಕೇಳುವ ಧಾಟಿಯಲ್ಲೇ "ನಿಮ್ಮ ಮನೇಲಿ ಯಾರಿಗಾದರೂ ಅರಿವಳಿಕೆ ಸಮಸ್ಯೆ ಇತ್ತಾ?" ಅಂದರೆ ಬರುವ ಉತ್ತರ "ಇಲ್ಲ ಸರ್". ಜನರ ಮಾತಿನಲ್ಲಿ ಕೇಳಿದರೆ ಬೇರೆಯೇ ಉತ್ತರ ಬರುತ್ತದೆ.

"ಅಮ್ಮಾ, ನಿಮ್ಮ ತವರಿನ ಕಡೆ, ಯಜಮಾನರ ಕಡೆ, ಆಪರೇಷನ್‌ಗೆ ಅಂತ ಒಳಗೆ ಹೋದವರು ಯಾರಾದ್ರೂ ವಾಪಸ್ ಬರದೇ ಇದ್ದದ್ದು ಉಂಟಾ?"

"ಹೂಂ ಸರ್, ನಮ್ಮ ದೊಡ್ಡಪ್ಪನ ಮಗ. ಅಪೆಂಡಿಕ್ಸ್ ಅಷ್ಟೇ ಇದ್ದಿದ್ದು. ಅನಸ್ತೇಸಿಯಾ ಜಾಸ್ತಿ ಆಗಿ ಹೋಗ್ಬಿಟ್ಟ ಅಂದ್ರು."

"ಅನಸ್ತೇಸಿಯಾ ಜಾಸ್ತಿ ಆಯ್ತು" ಎಂಬ ಮಾತು ನಮ್ಮಲ್ಲಿ ಎಲ್ಲದಕ್ಕೂ ಸಲ್ಲುತ್ತದೆ. ಹೃದಯಾಘಾತ, ಔಷಧದ ಅಲರ್ಜಿ, ಶ್ವಾಸಕೋಶಕ್ಕೆ ವಾಂತಿ ನುಗ್ಗಿದ್ದು, ಯಾವುದಾದರೂ ಇರಬಹುದು. ಎಂಎಚ್ ಕೂಡ ಇರಬಹುದು. ಆದ್ದರಿಂದ ಅಲ್ಲಿಗೇ ನಿಲ್ಲಿಸದೆ ಇನ್ನೂ ಕೇಳಬೇಕು. ಮೈ ಬೆಂಕಿಯ ಹಾಗೆ ಸುಡುತ್ತಿತ್ತು ಅಂದರಾ? ಕೈಕಾಲು ಮರದ ಹಾಗೆ ಸೆಟೆದಿತ್ತಾ? ದವಡೆ ಬಿಗಿದು ಬಾಯಿ ತೆರೆಯಲಾಗಲಿಲ್ಲ ಎಂದರಾ? ಮಾರನೆಯ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತಾ? ಕಾರಣ ಹೇಳದೆ ಐಸಿಯುನಲ್ಲಿ ಇಟ್ಟುಕೊಂಡಿದ್ದರಾ? ಹಳೆಯ ಡಿಸ್ಚಾರ್ಜ್ ಸಮ್ಮರಿ ಮನೆಯಲ್ಲಿದ್ದರೆ ತರಿಸಿ. ಅದರಲ್ಲಿ ಸ್ನಾಯು ಒಡೆದದ್ದನ್ನು ತೋರಿಸುವ ಸಿಪಿಕೆ ಎಂಬ ರಕ್ತಪರೀಕ್ಷೆ ಸಾವಿರಗಳಲ್ಲಿ ಇದ್ದರೆ ಅನುಮಾನಕ್ಕೆ ಬಲ ಬರುತ್ತದೆ.

ಎಂಎಚ್ ಗುಣ ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಸೋದರಮಾವ, ಅತ್ತೆಮಗನೊಂದಿಗೆ ಮದುವೆಯಾಗುವ ನಮ್ಮ ಮನೆತನಗಳಲ್ಲಿ ತವರು, ಗಂಡನ ಮನೆ ಎರಡೂ ಒಂದೇ ಬಳ್ಳಿ. ಆದ್ದರಿಂದ ಎರಡೂ ಕಡೆ ಕೇಳಿ. ಹುಟ್ಟಿನಿಂದ ಸ್ನಾಯು ದುರ್ಬಲವಿರುವ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಿ. ಸೆಂಟ್ರಲ್ ಕೋರ್ ಡಿಸೀಸ್, ಮಲ್ಟಿ ಮಿನಿಕೋರ್ ಡಿಸೀಸ್, ಕಿಂಗ್ ಡೆನ್‌ಬರೋ ಸಿಂಡ್ರೋಮ್ ಇರುವವರನ್ನು ಎಂಎಚ್ ಅಪಾಯ ಇರುವವರೆಂದೇ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಬೇರೆಲ್ಲೋ ಸ್ನಾಯುರೋಗಕ್ಕೆ ತೋರಿಸಿದ್ದರೆ ಆ ಫೈಲು ಆಪರೇಷನ್ ದಿನ ಕೈಯಲ್ಲಿರಲಿ. ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಬೇರೆ ಕಾಯಿಲೆ, ಎಂಎಚ್ ಅಲ್ಲ. ಆದರೂ ಅದೇ ಔಷಧಗಳಿಂದ ಸ್ನಾಯು ಒಡೆದು ಪೊಟ್ಯಾಸಿಯಂ ಏರುವ ಅಪಾಯ ಆ ಮಕ್ಕಳಿಗೂ ಇದೆ. ಹಾಗಾಗಿ ದೂರ ಇಡಬೇಕಾದ ಔಷಧಗಳ ಪಟ್ಟಿ ಒಂದೇ.

"ಹಿಂದೆ ಎರಡು ಆಪರೇಷನ್ ಆಗಿದೆ, ಏನೂ ಆಗ್ಲಿಲ್ಲ" ಎಂಬ ಮಾತಿಗೆ ಮರುಳಾಗಬೇಡಿ. ಎಂಎಚ್ ಬಂದವರಲ್ಲಿ ಸುಮಾರು ಅರ್ಧ ಜನ ಅದಕ್ಕೆ ಮುಂಚೆ ಅದೇ ಗ್ಯಾಸ್‌ಗಳನ್ನು ಏನೂ ಆಗದೆ ತಾಳಿಕೊಂಡವರೇ.

ಹಂತ 2: ಪರೀಕ್ಷೆ ಮಾಡಿಸಬೇಕಾ?

ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಸಿಪಿಕೆ ಸರಿಯಿದೆ ಎಂದರೆ ಅಪಾಯವಿಲ್ಲ ಎಂದಲ್ಲ. ನಂಬಬಹುದಾದ ಪರೀಕ್ಷೆ ಎಂದರೆ ತೊಡೆಯಿಂದ ಸ್ನಾಯುವಿನ ಚೂರು ತೆಗೆದು, ಅದು ಜೀವಂತವಿರುವಾಗಲೇ, ಅಂದರೆ ಕೆಲವೇ ಗಂಟೆಗಳೊಳಗೆ, ಕೆಫೀನ್ ಮತ್ತು ಹ್ಯಾಲೊಥೇನ್‌ಗೆ ಒಡ್ಡಿ ಎಷ್ಟು ಬಿಗಿಯುತ್ತದೆ ಎಂದು ಅಳೆಯುವುದು. ಸ್ಯಾಂಪಲ್ಲನ್ನು ಕೊರಿಯರ್ ಮಾಡಲಾಗದು, ರೋಗಿಯೇ ಕೇಂದ್ರಕ್ಕೆ ಹೋಗಬೇಕು. ಜೀನ್ ಪರೀಕ್ಷೆಗೆ ರಕ್ತ ಸಾಕು. ಆದರೆ ಅದರಲ್ಲಿ ದೋಷ ಸಿಕ್ಕರೆ ಹೌದು ಎನ್ನಬಹುದೇ ಹೊರತು, ಸಿಗದಿದ್ದರೆ ಇಲ್ಲ ಎನ್ನಲಾಗದು.

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇಲ್ಲೊಂದು ಕೆಲಸವಿದೆ. ನಿಮಗೆ ಅಲ್ಲಿ ಎಂಎಚ್ ಎಂದು ಖಚಿತವಾಗಿದ್ದರೆ ವರದಿಯ ಪ್ರತಿಯನ್ನು ಊರಿನಲ್ಲಿರುವ ಅಣ್ಣತಮ್ಮ, ಅಕ್ಕತಂಗಿ, ಅಪ್ಪ ಅಮ್ಮನಿಗೆ ಕಳಿಸಿ. ಯಾವ ಜೀನ್‌ನಲ್ಲಿ ಎಲ್ಲಿ ದೋಷ ಎಂದು ಗೊತ್ತಿದ್ದರೆ ಇಲ್ಲಿಯವರು ಆ ಒಂದನ್ನೇ ಹುಡುಕಿಸಬಹುದು.

ಪರೀಕ್ಷೆ ಆಗದಿದ್ದರೆ? ಅದಕ್ಕಾಗಿ ಆಪರೇಷನ್ ನಿಲ್ಲಬೇಕಿಲ್ಲ. ಅಪಾಯ ಇದೆ ಎಂದೇ ಇಟ್ಟುಕೊಂಡು ಮುಂದಿನ ಹಂತಗಳನ್ನು ಮಾಡಿ. ಅನುಮಾನ ಸುಳ್ಳಾದರೂ ರೋಗಿಗೆ ನಷ್ಟವೇನಿಲ್ಲ.

ಹಂತ 3: ಎಲ್ಲಿ, ಯಾವಾಗ

ಮೊದಲೇ ದಿನ ಗೊತ್ತು ಮಾಡಿದ ಆಪರೇಷನ್ ಆದರೆ ಡ್ಯಾಂಟ್ರೋಲಿನ್ ಮತ್ತು ಐಸಿಯು ಇರುವ ಆಸ್ಪತ್ರೆಯಲ್ಲೇ ಮಾಡಿಸಿ. "ಇದೆಯಾ?" ಎಂದು ಕೇಳಿದರೆ ಸಾಲದು. ಎಷ್ಟು ವಯಲ್ ಇದೆ, ಎಕ್ಸ್‌ಪೈರಿ ಯಾವಾಗ, ರಾತ್ರಿ ಹೊತ್ತು ಬೀಗದ ಕೈ ಯಾರ ಹತ್ತಿರ, ಅಷ್ಟೂ ಕೇಳಿ. ಕ್ಯಾಪ್ಸೂಲ್ ಇದೆ ಎಂದರೆ ಒಪ್ಪಬೇಡಿ, ತುರ್ತಿಗೆ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್ನೇ ಬೇಕು. ಬೆಳಗಿನ ಮೊದಲ ಕೇಸ್ ಆಗಿ ಹಾಕಿಸಿಕೊಳ್ಳಿ, ರಾತ್ರಿಯೆಲ್ಲ ಮಷಿನ್ ಖಾಲಿ ಇರುತ್ತದೆ, ತಯಾರಿಗೂ ಸಮಯ ಸಿಗುತ್ತದೆ.

ತುರ್ತು ಆಪರೇಷನ್‌ನ ವಿಷಯ ಬೇರೆ. ಸಿಸೇರಿಯನ್‌ಗೆ ಬಂದ ಹೆಣ್ಣುಮಗಳನ್ನು ಡ್ಯಾಂಟ್ರೋಲಿನ್ ಇಲ್ಲವೆಂಬ ಒಂದೇ ಕಾರಣಕ್ಕೆ ಮೂರು ತಾಸಿನ ದಾರಿಗೆ ಆಂಬುಲೆನ್ಸ್ ಹತ್ತಿಸುವುದು ನನ್ನ ಪ್ರಕಾರ ದೊಡ್ಡ ತಪ್ಪು. ಬೆನ್ನಿಗೆ ಕೊಡುವ ಇಂಜೆಕ್ಷನ್ ಎಂಎಚ್ ತರುವುದಿಲ್ಲ. ಸ್ಪೈನಲ್ ಕೊಡಲು ಬೇರೆ ಅಡ್ಡಿ ಇಲ್ಲದಿದ್ದರೆ ಅಲ್ಲೇ ಮಾಡುವುದು ಸುರಕ್ಷಿತ.

ಹಂತ 4: ಯಾವುದು ಬೇಡ, ಯಾವುದು ಆಗಬಹುದು

ಬೇಡವಾದ ಪಟ್ಟಿ ಚಿಕ್ಕದು, ಆದರೆ ಅದರಲ್ಲಿ ವಿನಾಯಿತಿ ಇಲ್ಲ. ವೇಪೊರೈಸರ್‌ನಿಂದ (ದ್ರವ ಅರಿವಳಿಕೆಯನ್ನು ಆವಿ ಮಾಡುವ ಡಬ್ಬಿ) ಬರುವ ಎಲ್ಲ ಗ್ಯಾಸ್‌ಗಳು: ಹ್ಯಾಲೊಥೇನ್, ಐಸೊಫ್ಲುರೇನ್, ಸೆವೊಫ್ಲುರೇನ್, ಡೆಸ್‌ಫ್ಲುರೇನ್, ಹಳೆಯ ಈಥರ್. ಇನ್ನೊಂದು ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್, ಓಟಿಯಲ್ಲಿ ಎಲ್ಲರ ಬಾಯಲ್ಲೂ ಸ್ಕೋಲಿನ್.

ಆಗಬಹುದಾದದ್ದು ಬಹಳಷ್ಟಿದೆ. ಪ್ರೊಪೊಫಾಲ್, ಥಯೊಪೆಂಟೋನ್, ಕೆಟಮಿನ್, ಎಟೊಮಿಡೇಟ್, ಮಿಡಾಜೋಲಾಂ, ಫೆಂಟನಿಲ್, ಮಾರ್ಫಿನ್, ಡೆಕ್ಸ್‌ಮೆಡಿಟೊಮಿಡಿನ್, ವೆಕ್ಯುರೋನಿಯಂ, ಅಟ್ರಾಕ್ಯುರಿಯಂ, ರೊಕ್ಯುರೋನಿಯಂ, ನಿಯೊಸ್ಟಿಗ್ಮಿನ್, ಎಲ್ಲವೂ ಸುರಕ್ಷಿತ. ನೈಟ್ರಸ್ ಆಕ್ಸೈಡ್ ಗ್ಯಾಸೇ ಆದರೂ ಎಂಎಚ್ ತರುವುದಿಲ್ಲ. ಲಿಗ್ನೊಕೇನ್, ಬುಪಿವಕೇನ್‌ಗಳ ಮೇಲೆ ಹಿಂದೆ ಅನುಮಾನವಿತ್ತು, ಈಗ ಇಲ್ಲ. ಹಲ್ಲು ಕೀಳಿಸುವಾಗ ವಸಡಿಗೆ ಕೊಡುವ ಇಂಜೆಕ್ಷನ್‌ಗೆ ಹೆದರುವುದು ಬೇಡ.

ಆದ್ದರಿಂದ ಮೊದಲ ಆಯ್ಕೆ, ಸಾಧ್ಯವಿದ್ದಲ್ಲಿ, ಸ್ಪೈನಲ್, ಎಪಿಡ್ಯೂರಲ್ ಅಥವಾ ನರವನ್ನು ಮರಗಟ್ಟಿಸುವ ಬ್ಲಾಕ್. ಪೂರ್ತಿ ಮಲಗಿಸಲೇಬೇಕಾದರೆ ಟೀವಾ, ಅಂದರೆ ಸಿರಿಂಜ್ ಪಂಪ್‌ನಲ್ಲಿ ಪ್ರೊಪೊಫಾಲ್ ಹರಿಸುತ್ತಾ ರಕ್ತನಾಳದ ಮೂಲಕವೇ ಇಡೀ ಅರಿವಳಿಕೆ. ಹೊಟ್ಟೆ ತುಂಬಿರುವ ರೋಗಿಗೆ ಬೇಗ ಟ್ಯೂಬ್ ಹಾಕಬೇಕಾದಾಗ ಸ್ಕೋಲಿನ್ ಬದಲು ರೊಕ್ಯುರೋನಿಯಂ, ಕೆ.ಜಿ.ಗೆ 1.2 ಮಿ.ಗ್ರಾಂ. ಅದರ ಪರಿಣಾಮ ಇಳಿಸಲು ಸುಗಮಡೆಕ್ಸ್ ಕೈಗೆ ಸಿಗುವಂತಿದ್ದರೆ ಒಳ್ಳೆಯದು.

ಮಕ್ಕಳಲ್ಲಿ ಎರಡು ಕಡೆ ಎಡವುತ್ತೇವೆ. ಸೂಜಿ ಚುಚ್ಚಿದರೆ ಅಳುತ್ತದೆ ಎಂದು ಮಾಸ್ಕ್ ಇಟ್ಟು ಸೆವೊ ಕೊಡುವುದು ನಮ್ಮ ಅಭ್ಯಾಸ. ಈ ಮಗುವಿಗೆ ಅದು ಸಲ್ಲದು. ಬಾಯಿಂದ ಮಿಡಾಜೋಲಾಂ ಕುಡಿಸಿ, ಕೈಗೆ ಮರಗಟ್ಟಿಸುವ ಕ್ರೀಮ್ ಒಂದು ತಾಸು ಮುಂಚೆ ಹಚ್ಚಿ, ಆಮೇಲೆ ಕ್ಯಾನುಲಾ ಹಾಕಿ. ಇನ್ನೊಂದು, ಗಂಟಲು ಬಿಗಿದು ಉಸಿರು ಕಟ್ಟಿದಾಗ ಕೈ ತಾನಾಗಿ ಸ್ಕೋಲಿನ್ ಸಿರಿಂಜ್‌ಗೆ ಹೋಗುತ್ತದೆ. ಆ ಗಾಬರಿಯಲ್ಲಿ ಯಾರಿಗೂ ಫೈಲ್ ನೆನಪಾಗುವುದಿಲ್ಲ. ಅದಕ್ಕೇ ಆ ದಿನ ಸ್ಕೋಲಿನ್ ವಯಲ್ ಓಟಿಯೊಳಗೇ ಇರಬಾರದು. ಅದು ಇರುತ್ತಿದ್ದ ಜಾಗದಲ್ಲಿ ರೊಕ್ಯುರೋನಿಯಂ ಇಡಿ.

ಹಂತ 5: ಮಷಿನ್ ಚೊಕ್ಕ ಮಾಡುವುದು

ಹೆಚ್ಚು ಜನ ಅರ್ಧಕ್ಕೆ ಬಿಡುವ ಹಂತ ಇದು. ವೇಪೊರೈಸರ್ ಆಫ್ ಮಾಡಿದರೆ ಆಯಿತಲ್ಲ ಎನ್ನುತ್ತಾರೆ. ಆಗಲಿಲ್ಲ. ಹಿಂದಿನ ದಿನದ ಸೆವೊಫ್ಲುರೇನ್ ಮಷಿನ್‌ನೊಳಗಿನ ರಬ್ಬರ್, ಪ್ಲಾಸ್ಟಿಕ್, ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್‌ನಲ್ಲಿ ಹೀರಿಕೊಂಡಿದ್ದು ನಿಧಾನವಾಗಿ ಹೊರಬರುತ್ತಿರುತ್ತದೆ. ಅದನ್ನು 10 ಲಕ್ಷ ಭಾಗಕ್ಕೆ 5ಕ್ಕಿಂತ ಕೆಳಗೆ ಇಳಿಸುವುದು ಗುರಿ.

ವೇಪೊರೈಸರ್‌ಗಳನ್ನು ಬಿಚ್ಚಿ ಹೊರಗಿಡಿ. ಬಿಚ್ಚಲು ಬಾರದ ಮಾದರಿಯಾದರೆ ಖಾಲಿ ಮಾಡಿ, ಡಯಲ್ ಮೇಲೆ ಅಡ್ಡ ಪ್ಲಾಸ್ಟರ್ ಅಂಟಿಸಿ, ಯಾರೂ ಅಪ್ಪಿತಪ್ಪಿ ತಿರುಗಿಸದ ಹಾಗೆ. ಸೋಡಾ ಲೈಮ್ ಹೊಸದು ತುಂಬಿ. ಸರ್ಕಿಟ್, ಬ್ಯಾಗ್, ಮಾಸ್ಕ್ ಎಲ್ಲ ಹೊಸವು. ಆಮೇಲೆ ಸರ್ಕಿಟ್‌ನ ತುದಿಗೆ ಇನ್ನೊಂದು ಬ್ಯಾಗ್ ಸಿಕ್ಕಿಸಿ, ವೆಂಟಿಲೇಟರ್ ಓಡಿಸುತ್ತಾ, ಆಕ್ಸಿಜನ್ ಅಥವಾ ಗಾಳಿಯನ್ನು ನಿಮಿಷಕ್ಕೆ 10 ಲೀಟರ್ ಅಥವಾ ಹೆಚ್ಚು ಬಿಡಿ. ಎಷ್ಟು ಹೊತ್ತು? ಹಳೆಯ ಸರಳ ಮಷಿನ್‌ಗಳಿಗೆ 20 ನಿಮಿಷ ಸಾಕಾಗುತ್ತಿತ್ತು. ಈಗಿನ ವರ್ಕ್‌ಸ್ಟೇಷನ್‌ಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಜಾಸ್ತಿ, ಕೆಲವಕ್ಕೆ ಒಂದು ಗಂಟೆ ದಾಟುತ್ತದೆ. ನಿಮ್ಮ ಮಾದರಿಗೆ ಎಷ್ಟು ಎಂದು ಕಂಪನಿಯ ಮ್ಯಾನ್ಯುಯಲ್ ನೋಡಿ, ಗೋಡೆಗೆ ಬರೆದು ಅಂಟಿಸಿ.

ಫ್ಲಶ್ ಮುಗಿಯಿತು ಎಂದು ಫ್ಲೋ 2 ಲೀಟರ್‌ಗೆ ಇಳಿಸಿದಿರೋ, ಒಳಗೆ ಉಳಿದದ್ದು ಮತ್ತೆ ಒಟ್ಟುಗೂಡಿ ಪ್ರಮಾಣ ಏರುತ್ತದೆ. ಕೇಸ್ ಮುಗಿಯುವವರೆಗೂ ಫ್ಲೋ 10 ಲೀಟರ್‌ನಲ್ಲೇ ಇರಬೇಕು. ಆಕ್ಸಿಜನ್ ದಂಡವಾಗುತ್ತದೆ ಎಂದು ಯಾರಾದರೂ ಗೊಣಗಿದರೆ ಗೊಣಗಲಿ.

ಆ್ಯಕ್ಟಿವೇಟೆಡ್ ಚಾರ್ಕೋಲ್ ಫಿಲ್ಟರ್ ಸಿಕ್ಕರೆ ಇಷ್ಟೆಲ್ಲ ಕಾಯಬೇಕಿಲ್ಲ. ಒಂದೂವರೆ ನಿಮಿಷ ಫ್ಲಶ್ ಮಾಡಿ, ಉಸಿರು ಹೋಗುವ ಮತ್ತು ಬರುವ ಎರಡೂ ಪೋರ್ಟ್‌ಗಳಿಗೆ ಒಂದೊಂದು ಸಿಕ್ಕಿಸಿ, ಹೊಸ ಸರ್ಕಿಟ್ ಹಾಕಿದರೆ ಆಯಿತು. ಆಮೇಲೆ ಫ್ಲೋ 3 ಲೀಟರ್‌ಗಿಂತ ಇಳಿಸಬಾರದು. ಹಾಗೆ 12 ಗಂಟೆಯವರೆಗೆ ನಡೆಸಬಹುದು. ಒಂದು ಎಚ್ಚರಿಕೆ: ದಿನನಿತ್ಯ ಟ್ಯೂಬ್‌ಗೆ ಹಾಕುವ ಎಚ್‌ಎಂಇ ಫಿಲ್ಟರ್ ಬೇರೆ. ಅದು ತೇವ, ಬ್ಯಾಕ್ಟೀರಿಯಾ ಹಿಡಿಯುತ್ತದೆ, ಗ್ಯಾಸ್ ಹಿಡಿಯುವುದಿಲ್ಲ.

ಚಾರ್ಕೋಲ್ ಇಲ್ಲ, ಸಮಯವೂ ಇಲ್ಲ ಎಂಬ ಪರಿಸ್ಥಿತಿಯಲ್ಲಿ ಐಸಿಯುನಿಂದ ವೆಂಟಿಲೇಟರ್ ತಂದುಬಿಡಿ. ಅದರಲ್ಲಿ ಎಂದೂ ಈ ಗ್ಯಾಸ್ ಹರಿದಿರುವುದಿಲ್ಲ. ಟೀವಾ ಜೊತೆ ಚೆನ್ನಾಗಿ ನಡೆಯುತ್ತದೆ.

ಹಂತ 6: ಟೇಬಲ್ ಮೇಲೆ

ಇಸಿಜಿ, ಬಿಪಿ, ಆಕ್ಸಿಜನ್ ಎಲ್ಲ ಇದ್ದೇ ಇರುತ್ತದೆ. ಪೂರ್ತಿ ಮಲಗಿಸಿದ ರೋಗಿಗೆ ಇನ್ನೆರಡು ತಪ್ಪದೆ ಇರಬೇಕು: ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೊಗ್ರಾಫ್, ಮತ್ತು ಮೂಗಿನ ಹಿಂಭಾಗದಲ್ಲೋ ಅನ್ನನಾಳದಲ್ಲೋ ಇಟ್ಟ ಉಷ್ಣತೆಯ ಪ್ರೋಬ್. ಹಣೆ ಮುಟ್ಟಿ ನೋಡುವುದು, ಕಂಕುಳ ಥರ್ಮಾಮೀಟರ್ ನೆಚ್ಚಿಕೊಳ್ಳುವಂಥವಲ್ಲ. ಹೆಸರಿನಲ್ಲಿ ಉಷ್ಣತೆ ಇದ್ದರೂ ಜ್ವರ ಹಲವು ಬಾರಿ ತಡವಾಗಿ ಬರುತ್ತದೆ. ಮೊದಲು ಏರುವುದು ಇಂಗಾಲದ ಡೈಆಕ್ಸೈಡ್. ವೆಂಟಿಲೇಷನ್ ಹೆಚ್ಚಿಸಿದರೂ ಇಳಿಯದೆ ಏರುತ್ತಲೇ ಹೋಗುತ್ತದೆ, ಜೊತೆಗೆ ನಾಡಿ ಓಡುತ್ತದೆ, ಸ್ನಾಯು ಬಿಗಿಯುತ್ತದೆ.

ಮುಂಜಾಗ್ರತೆಯಾಗಿ ಡ್ಯಾಂಟ್ರೋಲಿನ್ ಕೊಟ್ಟುಬಿಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಈಗ ಆ ಪದ್ಧತಿ ಇಲ್ಲ. ಸ್ನಾಯು ದುರ್ಬಲವಾಗುತ್ತದೆ, ವಾಕರಿಕೆ ಬರುತ್ತದೆ, ಚುಚ್ಚಿದ ರಕ್ತನಾಳ ಉರಿಯುತ್ತದೆ. ಪ್ರಚೋದಕ ಔಷಧ ತಪ್ಪಿಸಿದರೆ ಅದರ ಅಗತ್ಯ ಬೀಳುವುದಿಲ್ಲ.

ಹಂತ 7: ಬಂದೇಬಿಟ್ಟರೆ

ಗೊತ್ತಿರುವ ರೋಗಿಯಲ್ಲಿ ಮೇಲಿನದೆಲ್ಲ ಮಾಡಿದ್ದರೆ ಇದು ಬರುವುದು ತೀರಾ ಅಪರೂಪ. ಆದರೆ ಯಾರಿಗೂ ಗೊತ್ತಿಲ್ಲದ ರೋಗಿಯಲ್ಲಿ ಬರಬಹುದು, ಅದಕ್ಕೇ ಈ ಲೆಕ್ಕ ಎಲ್ಲ ಓಟಿಗೂ ಬೇಕು.

ಗ್ಯಾಸ್ ನಿಲ್ಲಿಸಿ, ಸರ್ಜನ್‌ಗೆ ತಿಳಿಸಿ, ಜನ ಕರೆಯಿರಿ. 100% ಆಕ್ಸಿಜನ್, 10 ಲೀಟರ್‌ಗಿಂತ ಹೆಚ್ಚು, ಉಸಿರಾಟ ಎರಡು ಮೂರು ಪಟ್ಟು. ಅರಿವಳಿಕೆಯನ್ನು ಪ್ರೊಪೊಫಾಲ್‌ಗೆ ಬದಲಿಸಿ. ಮಷಿನ್ ಬದಲಾಯಿಸುತ್ತಾ ಸಮಯ ಕಳೆಯಬೇಡಿ.

ಡ್ಯಾಂಟ್ರೋಲಿನ್ ಮೊದಲ ಡೋಸ್ ಕೆ.ಜಿ.ಗೆ 2.5 ಮಿ.ಗ್ರಾಂ. ಹಳೆಯ ಮಾದರಿಯ ವಯಲ್‌ನಲ್ಲಿ ಇರುವುದು 20 ಮಿ.ಗ್ರಾಂ. 60 ಕೆ.ಜಿ. ತೂಕದವರಿಗೆ 150 ಮಿ.ಗ್ರಾಂ., ಅಂದರೆ 8 ವಯಲ್. ಪ್ರತಿ ವಯಲ್‌ಗೆ 60 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ ಕುಲುಕಬೇಕು. ಸಲೈನ್ ಆಗಲಿ ಡೆಕ್ಸ್‌ಟ್ರೋಸ್ ಆಗಲಿ ಕೂಡದು. ಹಳದಿ ಪುಡಿ ಸುಲಭಕ್ಕೆ ಕರಗುವುದಿಲ್ಲ, ಒಬ್ಬರ ಕೈಲಿ ಆಗುವ ಕೆಲಸವೇ ಅಲ್ಲ. ನೀರು ಎಳೆಯಲು ಇಬ್ಬರು, ಕುಲುಕಲು ಇಬ್ಬರು, ಲೆಕ್ಕ ಬರೆಯಲು ಒಬ್ಬರು ಇರಲಿ. ಲಕ್ಷಣಗಳು ಇಳಿಯದಿದ್ದರೆ ಮತ್ತೆ ಕೊಡಬೇಕು. ಕೆ.ಜಿ.ಗೆ 10 ಮಿ.ಗ್ರಾಂ. ಮುಟ್ಟಿದರೆ ಅದೇ ರೋಗಿಗೆ 30 ವಯಲ್ ಆಯಿತು. ಅಮೆರಿಕದ ಎಂಎಚ್ ಸಂಘ 36 ವಯಲ್ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. 250 ಮಿ.ಗ್ರಾಂ.ನ ಹೊಸ ಮಾದರಿ, ರಯಾನೊಡೆಕ್ಸ್, 5 ಮಿ.ಲೀ. ನೀರಿನಲ್ಲೇ ಕಲಸಬಹುದು. ಅದಾದರೆ 3 ವಯಲ್ ಸಾಕು. ಈ ಔಷಧ ಬರುವ ಮುಂಚೆ ಎಂಎಚ್ ಬಂದವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನ ಸಾಯುತ್ತಿದ್ದರು.

ಮೈ 39 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಣ್ಣನೆಯ ಸಲೈನ್, ಕಂಕುಳು ತೊಡೆಸಂದಿಗೆ ಐಸ್ ಪ್ಯಾಕ್. 38ಕ್ಕೆ ಇಳಿದಾಗ ನಿಲ್ಲಿಸಿ. ಪೊಟ್ಯಾಸಿಯಂ ಏರಿದ್ದರೆ ಕ್ಯಾಲ್ಸಿಯಂ, ಇನ್ಸುಲಿನ್ ಜೊತೆ ಗ್ಲೂಕೋಸ್, ಬೈಕಾರ್ಬೊನೇಟ್. ಹೃದಯದ ಲಯ ತಪ್ಪಿತೆಂದು ವೆರಾಪಮಿಲ್, ಡಿಲ್ಟಿಯಾಜೆಂ ಕೊಡಬೇಡಿ, ಡ್ಯಾಂಟ್ರೋಲಿನ್ ಜೊತೆ ಅವು ಸೇರಿದರೆ ಪೊಟ್ಯಾಸಿಯಂ ಇನ್ನೂ ಏರಬಹುದು. ಮೂತ್ರ ಗಂಟೆಗೆ ಕೆ.ಜಿ.ಗೆ 1 ಮಿ.ಲೀ.ಗಿಂತ ಹೆಚ್ಚು ಬರುತ್ತಿರಲಿ. ಇಳಿದ ಮೇಲೂ ಮರುಕಳಿಸಬಹುದು, ಕನಿಷ್ಠ 24 ಗಂಟೆ ಐಸಿಯು.

ಡ್ಯಾಂಟ್ರೋಲಿನ್ ಇಲ್ಲದ ಕಡೆ? ಉಳಿದದ್ದನ್ನೆಲ್ಲ ಮಾಡುತ್ತಲೇ ಅದು ಇರುವ ಆಸ್ಪತ್ರೆಯಿಂದ ತರಿಸಬೇಕು. ಯಾರ ಹತ್ತಿರ ಇದೆ ಎಂಬ ಫೋನ್ ನಂಬರ್ ಇವತ್ತೇ ಓಟಿ ಗೋಡೆಯ ಮೇಲಿರಲಿ. ಆ ಹೊತ್ತಿನಲ್ಲಿ ಹುಡುಕಲು ಆಗುವುದಿಲ್ಲ.

ಹಂತ 8: ಆಪರೇಷನ್ ಆದ ಮೇಲೆ

ಪ್ರಚೋದಕ ಔಷಧ ಬಳಸದೆ ಎಲ್ಲ ಸಲೀಸಾಗಿ ಮುಗಿದಿದ್ದರೆ ಬೇರೆ ರೋಗಿಗಳಂತೆಯೇ ರಿಕವರಿಯಲ್ಲಿ ನೋಡಿಕೊಂಡು, ಕನಿಷ್ಠ ಒಂದು ಗಂಟೆ ನಾಡಿ, ಉಸಿರು, ಉಷ್ಣತೆ ಗಮನಿಸಿ ವಾರ್ಡ್‌ಗೆ ಕಳಿಸಬಹುದು. ಸಣ್ಣ ಆಪರೇಷನ್ ಆಗಿದ್ದರೆ ಅಂದೇ ಮನೆಗೂ ಕಳಿಸಬಹುದು.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಔಷಧ ಕೊಟ್ಟರು, ಏನೂ ಆಗಲಿಲ್ಲ ಎಂಬುದನ್ನು ಬರೆಸಿಕೊಳ್ಳಿ. ಮುಂದಿನ ಅರಿವಳಿಕೆ ವೈದ್ಯರಿಗೆ ಅದೇ ದಾರಿದೀಪ. ಜೇಬಿನಲ್ಲೊಂದು ಚೀಟಿ ಇರಲಿ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ: "ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಅಪಾಯವಿದೆ. ಸ್ಕೋಲಿನ್ ಮತ್ತು ವೇಪೊರೈಸರ್ ಗ್ಯಾಸ್ ಕೊಡಬಾರದು." ಫೋನಿನ ಲಾಕ್ ಸ್ಕ್ರೀನ್ ಮೇಲೂ ಹಾಕಬಹುದು. ಅಪಘಾತವಾಗಿ ಪ್ರಜ್ಞೆ ಇಲ್ಲದೆ ಕ್ಯಾಷುವಾಲ್ಟಿಗೆ ಹೋದಾಗ ಹೇಳುವವರು ಯಾರೂ ಇರುವುದಿಲ್ಲ, ಅಲ್ಲಿ ಉಸಿರಿನ ಟ್ಯೂಬ್ ಹಾಕಲು ಮೊದಲು ತೆಗೆಯುವುದು ಸ್ಕೋಲಿನ್ನೇ ಇರಬಹುದು. ಮಾನಸಿಕ ಚಿಕಿತ್ಸೆಯ ಇಸಿಟಿ (ಕರೆಂಟ್ ಶಾಕ್) ಕೋಣೆಯಲ್ಲೂ ಸ್ಕೋಲಿನ್ ದಿನಬಳಕೆಯ ಔಷಧ. ಅದು ಆಪರೇಷನ್ ಅಲ್ಲವಲ್ಲ ಎಂದು ಮನೆಯವರು ಹೇಳಲು ಮರೆಯುತ್ತಾರೆ. ಅಲ್ಲೂ ಹೇಳಬೇಕು.

ಗರ್ಭಿಣಿಗೆ ಅಪಾಯವಿಲ್ಲ, ಗಂಡನಿಗಿದೆ ಎಂಬ ಸಂದರ್ಭದಲ್ಲೂ ಹೆರಿಗೆ ವೈದ್ಯರಿಗೆ ತಿಳಿಸಿ. ಮಗುವಿಗೆ ಆ ಗುಣ ಬಂದಿರಬಹುದಾದ್ದರಿಂದ ಅದು ಹೊರಬರುವವರೆಗೆ ಗ್ಯಾಸ್ ತಪ್ಪಿಸುವುದು ಒಳ್ಳೆಯದು. ಇನ್ನು ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಿಗೆ ಸುದ್ದಿ ಮುಟ್ಟಿಸುವ ಕೆಲಸ. ಹೆಣ್ಣಿನ ಮದುವೆಗೆ ತೊಡಕಾಗುತ್ತದೆ ಎಂದು ಮುಚ್ಚಿಡುವ ಮನೆಗಳಿವೆ. ಅವರಿಗೆ ಹೇಳುವುದಿಷ್ಟೇ: ಹೆಚ್ಚಿನವರಿಗೆ ಇದು ದಿನದ ಬದುಕಿನಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯೇ ಅಲ್ಲ. ಓಟಿಯೊಳಗೆ ಎರಡು ಬಗೆಯ ಔಷಧ ಬೇಡ ಎಂದು ಹೇಳಬೇಕು, ಅಷ್ಟೇ. ಬಿಸಿಲಲ್ಲಿ ದುಡಿದಾಗ, ಓಡಿದಾಗ ಮೈಕೈ ವಿಪರೀತ ನೋವು, ಮೂತ್ರ ಕಪ್ಪು ಬಣ್ಣ ಎಂದು ಯಾರಾದರೂ ಹೇಳಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ, ಈ ಕುಟುಂಬದ ವಿಷಯವನ್ನೂ ಅವರ ಮುಂದೆ ಹೇಳಿ.